ಅದರಿಸ್ ಬೇರಿನ ಉರಿ

"ಅಯ್ಯೋ ಸಾಕು ಮಲ್ಹಕ್ಕ, ಸಾಕು! ಜೀವ ಹೋಗ್ತದೆ!"

ಚಾಪೆಯ ಮೇಲೆ ಬೋರಲು ಮಲಗಿದ್ದ ವರ್ದಿಯಾ ದಿಂಬನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದಳು. ಮಲ್ಹಾ ಅವಳ ಪಕ್ಕದಲ್ಲಿ ಮೊಣಕಾಲೂರಿ ಕೂತು, ಬಟ್ಟೆ ಸುತ್ತಿಕೊಂಡ ಬೆರಳುಗಳಿಂದ ಅವಳ ಸೊಂಟದ ಕೆಳಗೆ, ತೊಡೆಯ ಹಿಂಭಾಗಕ್ಕೆ ಮುಲಾಮು ತಿಕ್ಕುತ್ತಿದ್ದಳು. ಅದರಿಸ್ ಬೇರಿನ ಸಿಪ್ಪೆಯನ್ನು ಆಲಿವ್ ಎಣ್ಣೆಯಲ್ಲಿ ಕಾಯಿಸಿ, ಜೇನುಮೇಣ ಹಾಕಿ ಗಟ್ಟಿ ಮಾಡಿದ ಮುಲಾಮು ಅದು. ಹಚ್ಚಿದ ಜಾಗ ಮೊದಲು ಬೆಚ್ಚಗಾಗುತ್ತದೆ, ಆಮೇಲೆ ಕೆಂಡವಾಗುತ್ತದೆ, ಮಾರನೇ ದಿನ ಸಣ್ಣ ಗುಳ್ಳೆಗಳೇಳುತ್ತವೆ. ಗುಳ್ಳೆ ಒಣಗುವ ಹೊತ್ತಿಗೆ ಸೊಂಟದಿಂದ ಹಿಮ್ಮಡಿಯವರೆಗೆ ಎಳೆಯುತ್ತಿದ್ದ ನರ ಸಡಿಲವಾಗಿರುತ್ತದೆ. ಎಲ್ಲರಿಗೂ ಅಲ್ಲ, ಆದರೆ ಬಹಳ ಜನಕ್ಕೆ. ಬೆಟ್ಟದ ಆಚೆಯ ಊರುಗಳಿಂದಲೂ ಜನ ಕುಂಟುತ್ತ ಮಲ್ಹಾಳ ಊರು ತಿಘಿಲ್ತಿಗೆ ಬರುತ್ತಿದ್ದುದು ಇದಕ್ಕೇ.

"ಜೀವ ಅಷ್ಟು ಸುಲಭಕ್ಕೆ ಹೋಗಲ್ಲ ಕಣೇ. ಹೋಗೋ ಹಂಗಿದ್ರೆ ನಿಮ್ಮತ್ತೆ ಬಾಯಿಗೇ ಹೋಗಿರ್ಬೇಕಿತ್ತು," ಎಂದಳು ಮಲ್ಹಾ.

ವರ್ದಿಯಾ ಅಳುತ್ತಲೇ ನಕ್ಕಳು. ಅಷ್ಟರಲ್ಲಿ ಒಳಕೋಣೆಯಿಂದ ಒಂದು ಸದ್ದು ಬಂತು. ಯಾರೋ ಬಾಯಿಗೆ ಬಟ್ಟೆ ತುರುಕಿಕೊಂಡು ನರಳಿದ ಹಾಗೆ.

"ಅದೇನಕ್ಕಾ?"

"ಬೆಕ್ಕು."

"ಇಷ್ಟು ದೊಡ್ಡ ಬೆಕ್ಕಾ?"

"ವಯಸ್ಸಾಗಿದೆ ಅದಕ್ಕೆ. ನೀನು ಕಾಲು ಅಲ್ಲಾಡಿಸ್ಬೇಡ."

ವರ್ದಿಯಾ ಬುಟ್ಟಿಯಲ್ಲಿ ತಂದಿದ್ದ ಮೊಟ್ಟೆಗಳನ್ನು ಕಿಟಕಿಯ ಮೇಲಿಟ್ಟು, ಗೋಡೆ ಹಿಡಿದುಕೊಂಡು ಹೋದ ಮೇಲೆ ಮಲ್ಹಾ ಕೈಬಟ್ಟೆ ಬಿಚ್ಚಿ, ಬೂದಿ ಹಾಕಿ ಕೈ ತೊಳೆದು ಒಳಗೆ ಹೋದಳು. ಅವಳ ಗಂಡ ಮುಹೂಬ್ ಗೋಡೆಗೆ ಎಡಭುಜ ಒತ್ತಿ ಕೂತಿದ್ದ. ಹೊರಗೆ ಬೆಟ್ಟದ ತುದಿಯಲ್ಲಿ ಹಿಮ ಬಿದ್ದಿತ್ತು. ಒಳಗೆ ಇವನು ಅಂಗಿಯ ಎಡತೋಳು ಮಾತ್ರ ಹಾಕಿಕೊಂಡು, ಬಲಮೈಯನ್ನು ಬತ್ತಲೆ ಬಿಟ್ಟು, ಅಗ್ಗಿಷ್ಟಿಕೆಯ ಮುಂದೆ ನಡುಗುತ್ತಿದ್ದ. ಕಚ್ಚಿಕೊಂಡಿದ್ದ ಕಂಬಳಿಯ ಅಂಚು ಎಂಜಲಿನಿಂದ ಒದ್ದೆಯಾಗಿತ್ತು.

"ಬೆಕ್ಕು ಅಂದ್ಯಲ್ಲ ಮಾರಾಯ್ತಿ," ಎಂದ. "ಹುಲಿ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಅವಳು ಅವನ ಬಲಪಕ್ಕೆಯ ಕಡೆ ನೋಡಿದಳು. ಬೆನ್ನಿನಿಂದ ಮೊಲೆಯ ಕೆಳಗಿನವರೆಗೆ ಪಟ್ಟಿಯ ಹಾಗೆ ಸುತ್ತಿಕೊಂಡಿದ್ದ ಗುಳ್ಳೆಗಳೆಲ್ಲ ಬಾಡಿ, ಹಕ್ಕಳೆ ಬಿದ್ದು, ಈಗ ಅಲ್ಲಿ ತಿಳಿಗೆಂಪು ಕಲೆ ಮಾತ್ರ ಇತ್ತು. ನೋಡಿದವರು ವಾಸಿಯಾಗಿದೆ ಎನ್ನಬೇಕು. ಹಾಗಿತ್ತು ಚರ್ಮ.

ಆಲಿವ್ ಕೀಳುವ ಕಾಲದಲ್ಲಿ ಅವನಿಗೆ ಸರ್ಪಸುತ್ತು ಎದ್ದಿತ್ತು. ಮಲ್ಹಾ ಗಾಬರಿಯಾಗಿರಲಿಲ್ಲ. ಅವಳ ತಾಯಿ, ತಾಯಿಯ ತಾಯಿ ಎಲ್ಲ ಎಷ್ಟೋ ಜನರ ಸರ್ಪಸುತ್ತು ಇಳಿಸಿದವರು. ಅವಳು ಕಾಡುಮಸ್ತಕಿ ಎಂಬ ಬೆಟ್ಟದ ಗಿಡದ ಕಾಯೆಣ್ಣೆಗೆ ನಾಗದಾಳಿ ಸೊಪ್ಪು ಅರೆದು ಹಾಕಿ ಹಕ್ಕಿಯ ಪುಕ್ಕದಲ್ಲಿ ಹಚ್ಚಿದಳು. ಗುಳ್ಳೆಗಳು ಹೇಳಿದ ಮಾತು ಕೇಳಿದವರ ಹಾಗೆ ಒಣಗಿದವು. "ನೋಡಿದ್ರಾ?" ಎಂದು ಗಂಡನ ಎದುರು ಹೆಮ್ಮೆಯಿಂದ ನಿಂತಿದ್ದಳು. ಅವನು, "ಆದ್ರೆ ಇನ್ನೂ ಉರೀತಿದೆ ಕಣೇ," ಎಂದಿದ್ದ. "ಒಳಗಿನ ಹುಣ್ಣು ಆರೋಕೆ ಹೊತ್ತಾಗ್ತದೆ," ಎಂದಳು. ಅವಳು ಅದನ್ನು ನಂಬಿಯೂ ಇದ್ದಳು.

ಉರಿ ಆರಲಿಲ್ಲ. ದಿನ ಕಳೆದ ಹಾಗೆ ಅದಕ್ಕೆ ಹೊಸ ಹೊಸ ವೇಷ ಬಂದವು. ಒಮ್ಮೆ ಕಾದ ತಂತಿ ಎಳೆದ ಹಾಗೆ, ಒಮ್ಮೆ ಚರ್ಮದ ಕೆಳಗೆ ಇರುವೆ ಸಾಲು ಹೊರಟ ಹಾಗೆ. ಒತ್ತಿ ಹಿಡಿದರೆ ತಡೆಯಬಹುದಿತ್ತು. ಅಂಗಿಯ ಬಟ್ಟೆ ಸುಮ್ಮನೆ ಸವರಿದರೆ ತಡೆಯಲಾಗುತ್ತಿರಲಿಲ್ಲ. ಮಲ್ಹಾ ತನಗೆ ಗೊತ್ತಿದ್ದುದನ್ನೆಲ್ಲ ಮಾಡಿದಳು. ಲ್ಯಾವೆಂಡರ್ ಕುದಿಸಿದ ನೀರಲ್ಲಿ ಅದ್ದಿದ ಬಟ್ಟೆ ಇಟ್ಟಳು. ತುರಚೆ ಸೊಪ್ಪಿನ ಕಷಾಯ ಕುಡಿಸಿದಳು. ಲವಂಗದ ಎಣ್ಣೆ ಹಚ್ಚಿದಳು. ನದಿದಂಡೆಯ ಅಂಟುಸೊಪ್ಪನ್ನು ಬಾಡಿಸಿ ಕಟ್ಟಲು ಹೋದಾಗ ಅವನು ಎಲೆ ತಾಗಿದ್ದೇ ಕಿರುಚಿ ಅದನ್ನು ಕಿತ್ತೆಸೆದ. ಆಮೇಲೆ ನಾಚಿಕೆಯಿಂದ ತಾನೇ ಬಗ್ಗಿ ಒಂದೊಂದೇ ಎಲೆ ಆಯ್ದು ಕೊಟ್ಟ.

ಹೊರಗೆ ಯಾರಿಗೂ ಹೇಳಬೇಡ ಎಂದವನು ಅವನೇ.

"ಜನ ಏನಂತಾರೆ? ಮಲ್ಹಕ್ಕನ ಗಂಡನಿಗೇ ವಾಸಿ ಆಗ್ಲಿಲ್ಲ, ನಮಗೇನು ಆಗ್ತದೆ ಅಂತಾರೆ."

"ಅಂದ್ರೆ ಅನ್ಲಿ ಬಿಡಿ."

"ನಿಂಗೆ ಇದೊಂದೇ ಕಣೇ ಇರೋದು. ನಾನಾದ್ರೆ ವ್ಯಾನು ಓಡಿಸ್ದೆ, ಊರೂರು ನೋಡ್ದೆ. ನೀನು ಈ ಬೇರು ಸೊಪ್ಪು ಬಿಟ್ಟು ಏನು ನೋಡ್ದೆ?"

ಮುಹೂಬ್ ತಿಘಿಲ್ತಿನಿಂದ ತಿಝಿ ಊಝು ಪೇಟೆಗೆ ವ್ಯಾನು ಓಡಿಸುತ್ತಿದ್ದವನು. ಊರಿನ ಹೆಂಗಸರ ಹೆರಿಗೆಗಳಲ್ಲಿ ಅರ್ಧ ಅವನ ವ್ಯಾನಿನಲ್ಲೇ ಆಗಿಹೋದವು ಎಂದು ಅವನೇ ಹೇಳಿಕೊಳ್ಳುತ್ತಿದ್ದ. ವ್ಯಾನು ಮಾರಿದ ಮೇಲೆ ದಿನವೂ ಕಾಫಿ ಅಂಗಡಿಯಲ್ಲಿ ಡೊಮಿನೊ ಆಡುವುದು, ಸೋತವನನ್ನು ಸಂಜೆಯವರೆಗೆ ರೇಗಿಸುವುದು, ಇದು ಅವನ ಕೆಲಸ. ಈಗ ಕಾಫಿ ಅಂಗಡಿಗೂ ಹೋಗುತ್ತಿರಲಿಲ್ಲ. ಅಲ್ಲಿ ಒಬ್ಬೊಬ್ಬರೂ ಅಪ್ಪಿಕೊಂಡು, ಬೆನ್ನು ತಟ್ಟಿ, ಕೆನ್ನೆಗೆ ಕೆನ್ನೆ ತಾಗಿಸಿ ಮಾತಾಡಿಸುವವರು. ಅಲ್ಲಿಗೆ ಹೋಗದಿರಲು ಅವನು ಒಂದೊಂದು ವಾರ ಒಂದೊಂದು ನೆಪ ಹುಡುಕುತ್ತಿದ್ದ. ನೆಗಡಿ, ಹಲ್ಲುನೋವು, ಮಗಳ ಊರಿಗೆ ಹೋಗಿದ್ದೆ.

ಆದರೆ ಅಕ್ಲಿ ಮೆಕ್ಕಾದಿಂದ ವಾಪಸು ಬಂದ ದಿನ ಯಾವ ನೆಪವೂ ನಡೆಯುವಂತಿರಲಿಲ್ಲ. ಅಕ್ಲಿ ಅವನ ಬಾಲ್ಯದ ಗೆಳೆಯ, ಡೊಮಿನೊದಲ್ಲಿ ಎದುರಾಳಿ. ಮುಹೂಬ್ ಅಂಗಿಯ ಮೇಲೆ ಸಡಿಲವಾದ ಉಣ್ಣೆಯ ನಿಲುವಂಗಿ ಹೊದ್ದು, ಬಲಗೈಯನ್ನು ಮೈಯಿಂದ ದೂರ ಹಿಡಿದುಕೊಂಡು, ಮೊಟ್ಟೆ ಬುಟ್ಟಿ ಹೊತ್ತವನಂತೆ ನಡೆದು ಹೋದ. ಅಕ್ಲಿಯ ಅಂಗಳದಲ್ಲಿ ಊರೇ ಸೇರಿತ್ತು. ಬಿಳಿ ನಿಲುವಂಗಿ ಹಾಕಿ, ಹೊಸದಾಗಿ ಗಡ್ಡ ಬಿಟ್ಟಿದ್ದ ಅಕ್ಲಿ ಇವನನ್ನು ಕಂಡದ್ದೇ ತೋಳು ಚಾಚಿ ಓಡಿ ಬಂದ.

"ಬಂದ್ಯಾ ಕಳ್ಳಾ! ಅಲ್ಲೂ ನಿನ್ನ ಹೆಸರು ಹೇಳಿ ಕೇಳ್ಕೊಂಡೆ ಕಣೋ, ಇವನಿಗೆ ಡೊಮಿನೊ ಕಲಿಸಪ್ಪಾ ಅಂತ!"

ಎಂದವನೇ ಎರಡೂ ತೋಳಿನಿಂದ ಬಿಗಿದು ಅಪ್ಪಿದ.

ಮುಹೂಬನ ಕೈ ತಾನಾಗಿ ಎದ್ದಿತು. ಏಟು ಅಕ್ಲಿಯ ದವಡೆಗೆ ಬಿತ್ತು. ಹಾಜಿಯಾಗಿ ಬಂದವನು ಅಂಗಳದ ಮಧ್ಯೆ ಖರ್ಜೂರದ ತಟ್ಟೆಯ ಮೇಲೆ ಕೂತುಬಿಟ್ಟ. ಮುಹೂಬ್ ಪಕ್ಕೆಯ ಮೇಲೆ ನಿಲುವಂಗಿ ತಾಗದಂತೆ ಅದನ್ನು ಎಳೆದು ಹಿಡಿದುಕೊಂಡು, ಬಾಯಿ ತೆರೆದು, ಸದ್ದಿಲ್ಲದೆ ಅಳುತ್ತಿದ್ದ.

"ಏನಾಯ್ತೋ ನಿಂಗೆ?" ಎಂದು ಕೆಳಗಿನಿಂದಲೇ ಕೇಳಿದ ಅಕ್ಲಿ. ಅವನ ದನಿಯಲ್ಲಿ ಕೋಪವಿರಲಿಲ್ಲ.

ಅಲ್ಲಿಗೆ ಗುಟ್ಟು ರಟ್ಟಾಯಿತು. ಮುಹೂಬ್ ಹೆದರಿದ್ದಂತೆ ಯಾರೂ ಆಡಿಕೊಳ್ಳಲಿಲ್ಲ. ಅದಕ್ಕಿಂತ ಕಷ್ಟದ್ದು ಶುರುವಾಯಿತು. ಮಾರನೇ ದಿನದಿಂದ ಜನ ಔಷಧಿ ಹಿಡಿದುಕೊಂಡು ಬರತೊಡಗಿದರು. ಮಲ್ಹಾಳ ಕೈಯಲ್ಲಿ ಸೊಂಟ ತಿಕ್ಕಿಸಿಕೊಂಡವರು, ಮಂಡಿಗೆ ಪಟ್ಟು ಹಾಕಿಸಿಕೊಂಡವರು, ಈಗ ಒಬ್ಬೊಬ್ಬರಾಗಿ ಅವಳ ಅಂಗಳಕ್ಕೆ ಬಂದು ಪೊಟ್ಟಣ ಬಿಚ್ಚಿದರು. ಒಬ್ಬಳು ಮರುಭೂಮಿಯಿಂದ ತರಿಸಿದ ಒಂಟೆಯ ಕೊಬ್ಬು ತಂದಳು. ಇನ್ನೊಬ್ಬಳು ಹರ್ಮಲ್ ಬೀಜ ತಂದು ಹೊಗೆ ಹಾಕು ಎಂದಳು. ಜೇನು ಸಾಕುವವನು ಒಂದು ಡಬ್ಬಿಯಲ್ಲಿ ಜೀವಂತ ಜೇನುನೊಣಗಳನ್ನು ತಂದು, ಪಕ್ಕೆಗೆ ಕಚ್ಚಿಸಿದರೆ ಸಾಕು ಎಂದ. ಕಾದ ಕಬ್ಬಿಣ ಮುಟ್ಟಿಸುವವನೊಬ್ಬ ಕಣಿವೆಯ ಕೆಳಗಿದ್ದಾನೆ ಎಂದು ಅಕ್ಲಿ ಹೇಳಿ ಕಳಿಸಿದ. ವರ್ದಿಯಾ ಕುಂಟದೆ, ನೆಟ್ಟಗೆ ನಡೆದು ಬಂದಳು.

"ನನ್ನ ಕಾಲು ನೋಡಕ್ಕ, ಕುಣೀಬಹುದು ಈಗ. ಇದು ನಮ್ಮತ್ತೆ ಕೊಟ್ಟಿದ್ದು, ಮೇಕೆ ಪಿತ್ತ. ಬೇಜಾರು ಮಾಡ್ಕೋಬೇಡ. ನಿನ್ನ ಔಷಧಿ ಹಿಡೀಲಿಲ್ಲ ಅಂದ್ರೆ ಇದನ್ನೂ ಒಂದು ಕೈ ನೋಡು."

ಮಲ್ಹಾ ಎಲ್ಲವನ್ನೂ ತೆಗೆದುಕೊಂಡಳು. ಎಲ್ಲರಿಗೂ ಕಾಫಿ ಕೊಟ್ಟಳು. ಕೆಲವನ್ನು ಹಚ್ಚಿಯೂ ನೋಡಿದಳು. ತನ್ನ ಮನೆಯ ಗೂಡುಗಳಲ್ಲಿ ಬೇರೆಯವರ ಪೊಟ್ಟಣಗಳು ತುಂಬುತ್ತಿದ್ದುದನ್ನು ನೋಡುತ್ತ, ಇಷ್ಟು ವರ್ಷ ತನ್ನ ಪೊಟ್ಟಣ ಮಡಿಚಿಕೊಂಡು ಹೋಗುತ್ತಿದ್ದವರಿಗೂ ಹೀಗೇ ಅನಿಸುತ್ತಿತ್ತೇನೋ ಎಂದುಕೊಂಡಳು. ಬೇಡ ಎನ್ನಲು ಧೈರ್ಯವಿಲ್ಲದೆ ನಂಬುವುದು.

ಪೇಟೆಯಲ್ಲಿ ಹೊಲಿಗೆ ಕಲಿಸುತ್ತಿದ್ದ ಮಗಳು ನುವಾರಾ ಬಂದು ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಮಲ್ಹಾ ಕೂಡ ಹೋದಳು. ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು. ಅವಸರ ಮಾಡದೆ ಎಲ್ಲ ಕೇಳಿದರು. ಹತ್ತಿಯ ಎಳೆಯಿಂದ ಪಕ್ಕೆಯನ್ನು ಮೆಲ್ಲಗೆ ಸವರಿದಾಗ ಮುಹೂಬ್ ಕುರ್ಚಿಯಿಂದ ಹಾರಿದ.

"ಚರ್ಮ ಪೂರ್ತಿ ವಾಸಿಯಾಗಿದೆ ಅಮ್ಮಾ, ಚೆನ್ನಾಗೇ ನೋಡ್ಕೊಂಡಿದ್ದೀರಿ," ಎಂದರು ಡಾಕ್ಟರು. "ಆದ್ರೆ ಒಳಗಿನ ನರಕ್ಕೇ ಪೆಟ್ಟಾಗಿದೆ. ಅದು ಸುಮ್ಮಸುಮ್ಮನೆ ಕೂಗ್ತಾ ಇರ್ತದೆ."

"ಯಾವಾಗ ನಿಲ್ಲಿಸ್ತದೆ?" ಎಂದಳು ಮಲ್ಹಾ.

"ಕೆಲವರಿಗೆ ಕೆಲವು ತಿಂಗಳಲ್ಲಿ. ಕೆಲವರಿಗೆ ವರ್ಷಗಟ್ಟಲೆ. ಮಾತ್ರೆ ಕೊಡ್ತೀನಿ, ಸ್ವಲ್ಪ ತಗ್ಗಬಹುದು. ಪೂರ್ತಿ ಹೋಗ್ತದೆ ಅಂತ ಸುಳ್ಳು ಹೇಳಲ್ಲ."

ಮಲ್ಹಾ ಆ ಹುಡುಗಿಯ ಮುಖವನ್ನೇ ನೋಡಿದಳು. ದೊಡ್ಡ ಔಷಧಿ ಏನೋ ಬಚ್ಚಿಟ್ಟುಕೊಂಡಿರಬಹುದು, ಹೊರಡುವ ಮುಂಚೆ ಕೊಡಬಹುದು ಎಂಬ ಆಸೆ ಇತ್ತು. ಡಾಕ್ಟರೂ ಇವಳ ಮುಖ ನೋಡಿ, ಕಣ್ಣು ತಗ್ಗಿಸಿಕೊಂಡರು.

ಮಾತ್ರೆಗಳು ಉರಿಯನ್ನು ಮುಟ್ಟಿದವೋ ಇಲ್ಲವೋ, ಮುಹೂಬನನ್ನು ಮುಟ್ಟಿದವು. ಅವನು ಮಾತಿನ ಮಧ್ಯೆ ನಿದ್ದೆ ಹೋಗುತ್ತಿದ್ದ. ತಮಾಷೆ ಶುರು ಮಾಡಿ ಕೊನೆ ಮರೆಯುತ್ತಿದ್ದ. "ಉರಿ ಹಂಗೇ ಇದೆ," ಎನ್ನುತ್ತಿದ್ದ, "ನಾನು ಮಾತ್ರ ದೂರ ಹೋಗಿದ್ದೀನಿ." ಮಾತ್ರೆ ಕಡಿಮೆ ಮಾಡಿದರೆ ಮನುಷ್ಯ ವಾಪಸು ಬರುತ್ತಿದ್ದ, ಜೊತೆಗೆ ಅದೂ ಬರುತ್ತಿತ್ತು.

ಚಳಿ ಮುರಿಯಿತು. ಬಾದಾಮಿ ಮರಗಳು ಹೂಬಿಟ್ಟವು. ಊರಿನವರು ಅದರಿಸ್ ಬೇರಿನ ಹಬೆಯಲ್ಲಿ ಗೋಧಿ ರವೆಯ ಕೂಸ್ಕೂಸ್ ಬೇಯಿಸಿ ತಿನ್ನುವ ದಿನ ಬಂತು. ವರ್ಷಕ್ಕೊಮ್ಮೆ, ಮೈಯೊಳಗಿನ ಚಳಿಯೆಲ್ಲ ಹೊರಹೋಗಲಿ ಎಂದು ಮಾಡುವ ಊಟ. ಬೇರು ತರುವವಳು ಯಾವತ್ತೂ ಮಲ್ಹಾ. ಮುಖಕ್ಕೆ, ಕತ್ತಿಗೆ, ಮೊಣಕೈವರೆಗೆ ದಪ್ಪಗೆ ಎಣ್ಣೆ ಬಳಿದುಕೊಂಡು, ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ಅವಳು ಸ್ಮಶಾನದ ಹಿಂದಿನ ಇಳಿಜಾರಿಗೆ ಹೋಗಿ ಅಗೆದಳು. ಬರಿಗೈಲಿ ಮುಟ್ಟಿದರೆ, ಅದರ ಧೂಳು ತಾಗಿದರೂ ಸಾಕು, ಮುಖ ಕುಂಬಳಕಾಯಿಯಾಗುತ್ತದೆ. ಮನೆಮನೆಗೂ ಒಂದೊಂದು ತುಂಡು ಹಂಚಿದಳು.

ಆ ಮಧ್ಯಾಹ್ನ ಕೂಸ್ಕೂಸ್ ತಿಂದು, ಆ ಊಟದ ಮೇಲೆ ನೀರು ಕುಡಿಯಬಾರದೆಂದು ಬಾಯಾರಿ ಕೂತಿದ್ದಾಗ ಮುಹೂಬ್ ಹೇಳಿದ.

"ಅದನ್ನ ನಂಗೆ ಹಚ್ಚು."

"ಏನನ್ನ?"

"ಬೇರನ್ನ. ವರ್ದಿಯಾಗೆ ಹಚ್ಚಿದ್ಯಲ್ಲ."

"ಬುದ್ಧಿ ನೆಟ್ಟಗಿದ್ಯಾ ನಿಮ್ಗೆ? ಅದು ತೊಡೆ ಚರ್ಮ, ದಪ್ಪ. ಇಲ್ಲಿ ಎಲೆ ತಾಗಿದ್ರೆ ಕುಣೀತೀರಿ. ಸುಟ್ಟು ಹೋಗ್ತದೆ."

"ಸುಡ್ಲಿ."

"ನನ್ನ ಕೈಲಿ ಆಗಲ್ಲ."

ಮುಹೂಬ್ ಅವಳ ಕಡೆ ತಿರುಗಿದ. ಇಷ್ಟು ವರ್ಷದ ಸಂಸಾರದಲ್ಲಿ ಅವನು ಅವಳಿಗೆ ರೇಗಿದ್ದ, ಅವಳನ್ನು ರೇಗಿಸಿದ್ದ, ಮುನಿಸಿಕೊಂಡು ವ್ಯಾನಿನಲ್ಲಿ ಮಲಗಿದ್ದ. ಬೇಡಿಕೊಂಡಿರಲಿಲ್ಲ.

"ಮಲ್ಹಾ, ನಿನ್ನ ಕಾಲಿಗೆ ಬೀಳ್ತೀನಿ ಕಣೇ," ಎಂದ. "ಇನ್ನೊಂದು ಥರದ ನೋವು ಕೊಡು. ಇದಲ್ದೆ ಬೇರೆ ಯಾವುದಾದ್ರೂ ಸರಿ."

ಮಲ್ಹಾ ಮುಲಾಮಿಗೆ ಎರಡರಷ್ಟು ಎಣ್ಣೆ ಬೆರೆಸಿ ತೆಳುವಾಗಿಸಿದಳು. ಕಿಟಕಿ ತೆರೆದಿಟ್ಟು, ಬಾಗಿಲು ಹಾಕಿ, ಬಟ್ಟೆಯ ತುದಿಯಿಂದ ಪಕ್ಕೆಯ ಮೇಲೆ ಒಂದು ಗೆರೆ ಎಳೆದಳು. ಮೊದಲು ಅವನು ಬೈದ, ಆಮೇಲೆ ಅತ್ತ, ಆಮೇಲೆ ಗೋಡೆಗೆ ಹಣೆ ಒತ್ತಿ ನಿಂತ. ಸಂಜೆಯ ಹೊತ್ತಿಗೆ ಪಕ್ಕೆ ಕೆಂಪೇರಿ ಊದಿತು. ಮಾರನೇ ದಿನ ಗುಳ್ಳೆಗಳೆದ್ದವು. ಮಲ್ಹಾ ಹೆದರಿ ಅವನ ಮುಖ ನೋಡಿದಳು. ಅವನು ನಗುತ್ತಿದ್ದ.

"ಹೋಯ್ತು ಕಣೇ!"

"ಏನು?"

"ಅದು. ಆ ತಂತಿ. ಈಗ ಉರೀತಿರೋದೆಲ್ಲ ನಿಂದೇ. ನಿನ್ನ ಬೇರಿನ ಉರಿ. ಆಹಾ, ಮನುಷ್ಯರ ಉರಿ ಕಣೇ ಇದು! ಎಲ್ಲಿ ಉರೀತದೆ, ಯಾಕೆ ಉರೀತದೆ ಅಂತ ಗೊತ್ತಾಗ್ತದೆ."

ಅವನು ಎರಡೂ ತೋಳಿಗೆ ಅಂಗಿ ಹಾಕಿಕೊಂಡು ಕಾಫಿ ಅಂಗಡಿಗೆ ಹೋದ. ಅಕ್ಲಿಯನ್ನು ದೂರದಲ್ಲೇ ನಿಲ್ಲಿಸಿ, "ಹಾಜಿಗಳೇ, ದವಡೆ ಹೇಗಿದೆ?" ಎಂದು ಕೇಳಿದನಂತೆ. ಡೊಮಿನೊ ಆಡಿ ಗೆದ್ದನಂತೆ. ಮನೆಗೆ ಬರುವಾಗ ಮೀನು ತಂದ. ದಾರಿಯಲ್ಲಿ ಸಿಕ್ಕಿದವರಿಗೆಲ್ಲ ನಮ್ಮವಳ ಕೈಗುಣ ಎಂದು ಹೇಳಿದ್ದ. ಸಂಜೆ ಇಬ್ಬರು ಹೆಂಗಸರು ಬಾಗಿಲಿಗೆ ಬಂದು ಮಲ್ಹಾಳನ್ನು ಹರಸಿ ಹೋದರು.

ಮಲ್ಹಾ ಮೀನು ಹೆಚ್ಚಿದಳು. ಅವಳಿಗೆ ಗೊತ್ತಿತ್ತು. ಬೇರು ಯಾವುದನ್ನೂ ಓಡಿಸಿರಲಿಲ್ಲ. ಹಳೆಯ ಉರಿಯ ಮೇಲೆ ಕೂತಿತ್ತು, ಅಷ್ಟೇ. ಹೇಳಿಬಿಡಬೇಕು ಎಂದುಕೊಂಡಳು. ಅವನು ಮೀನಿನ ಮುಳ್ಳು ತೆಗೆದು ಒಳ್ಳೆಯ ತುಂಡನ್ನು ಅವಳ ತಟ್ಟೆಗೆ ಹಾಕಿದ. ಹೇಳಲಿಲ್ಲ.

ಗುಳ್ಳೆಗಳು ಒಣಗಿದ ಹಾಗೆ ಅದು ವಾಪಸು ಬಂತು. ಮೊದಲು ಇರುವೆಗಳು, ಆಮೇಲೆ ತಂತಿ. ಅವನು ಒಂದು ದಿನ ಯಾರಿಗೂ ಹೇಳದೆ ತಡೆದುಕೊಂಡ. ಮಾರನೇ ದಿನ ಅಂಗಿಯ ಬಲತೋಳು ಬಿಚ್ಚಿದ.

"ಇನ್ನೊಂದ್ಸಲ ಹಚ್ಚು."

"ಆಗಲ್ಲ."

"ಸ್ವಲ್ಪ."

"ಕೆಳಗೆ ಹಸಿ ಮಾಂಸ ಕಾಣ್ತಿದೆ ರೀ. ಕೀವಾಗ್ತದೆ. ಅದು ಔಷಧಿ ಅಲ್ಲ, ನಿಮ್ಮನ್ನ ಸುಟ್ಟು ಸುಟ್ಟು ಸಮಾಧಾನ ಮಾಡೋದು. ಎಷ್ಟು ಸಲ ಸುಡ್ಲಿ?"

"ಬೇರೆಯವ್ರಿಗೆಲ್ಲ ಹಚ್ತೀಯ!" ಎಂದು ಕೂಗಿದ. "ಊರಿಗೆಲ್ಲ ಹಚ್ತೀಯ, ಗಂಡನಿಗೆ ಆಗಲ್ಲ ನಿಂಗೆ!"

ಅವನು ಅತ್ತ ಮುಖ ತಿರುಗಿಸಿಕೊಂಡ ಮೇಲೆ ಮಲ್ಹಾ ಗೂಡಿನಲ್ಲಿದ್ದ ಮುಲಾಮು, ಒಣಗಿಸಿಟ್ಟ ಬೇರಿನ ಸಿಪ್ಪೆ ಎಲ್ಲವನ್ನೂ ಹಳೆಯ ಬಟ್ಟೆಯಲ್ಲಿ ಮೂಟೆ ಕಟ್ಟಿ, ಹೊಲದ ಮೂಲೆಯಲ್ಲಿ ಗುಂಡಿ ತೆಗೆದು ಹೂತಳು. ಮಣ್ಣು ಮುಚ್ಚುವಾಗ, ಅಮ್ಮ ನೋಡಿದ್ದರೆ ಏನನ್ನುತ್ತಿದ್ದಳೋ ಎಂದು ಯೋಚನೆ ಬಂತು. ಆದರೆ ನಿಲ್ಲಿಸಲಿಲ್ಲ.

ಮೂಟೆ ಹೂತ ಮಾರನೇ ಬೆಳಿಗ್ಗೆ ಅವಳು ಬಾವಿಯಿಂದ ನೀರು ತರುವಷ್ಟರಲ್ಲಿ ಮುಹೂಬ್ ಮನೆಯಲ್ಲಿರಲಿಲ್ಲ. ಕಾಫಿ ಅಂಗಡಿಯಲ್ಲೂ ಇರಲಿಲ್ಲ. ಅವಳು ಹಿತ್ತಲಿಗೆ ಬಂದು ನೋಡಿದಳು. ಗುದ್ದಲಿಯೂ ಇರಲಿಲ್ಲ. ಅವಳು ಸ್ಮಶಾನದ ಕಡೆಗೆ ಓಡಿದಳು.

ಅವನು ಇಳಿಜಾರಿನಲ್ಲಿ, ಅಗೆದ ಗುಂಡಿಯ ಪಕ್ಕ ಮಂಡಿಯೂರಿ ಕೂತಿದ್ದ. ಮುಖಕ್ಕೆ ಎಣ್ಣೆಯಿಲ್ಲ, ಕೈಗೆ ಬಟ್ಟೆಯಿಲ್ಲ. ಹಾಲು ಒಸರುವ ಬೇರನ್ನು ಬರಿಗೈಲಿ ಮುರಿದು ಪಕ್ಕೆಗೆ ಉಜ್ಜಿಕೊಂಡಿದ್ದ. ಅದೇ ಕೈಯಿಂದ ಬೆವರು ಒರೆಸಿಕೊಂಡಿದ್ದನೇನೋ, ಕಣ್ಣು ಆಗಲೇ ಊದತೊಡಗಿತ್ತು.

"ಯಾರು?" ಎಂದ, ಹೆಜ್ಜೆಯ ಸದ್ದಿಗೆ.

"ನಾನು."

"ಕಾಣ್ತಿಲ್ಲ ಕಣೇ."

ಅವಳು ಅವನ ಎಡತೋಳು ಹಿಡಿದು, ಕಲ್ಲಿಲ್ಲದ ಕಡೆ ನೋಡಿ ನೋಡಿ ನಡೆಸಿಕೊಂಡು ಬಂದಳು. ದಾರಿಯಲ್ಲಿ ಅಕ್ಲಿ ಎದುರಾದ. ಅಪ್ಪಿಕೊಳ್ಳಲಿಲ್ಲ. ಪಕ್ಕಕ್ಕೆ ಸರಿದು, ಟೋಪಿ ಕೈಯಲ್ಲಿ ಹಿಡಿದು ನಿಂತ.

ಮನೆಯಲ್ಲಿ ಮಲ್ಹಾ ಎಣ್ಣೆಯಿಂದ ಅವನ ಮುಖ, ಕೈ, ಪಕ್ಕೆ ಎಲ್ಲ ಮೆಲ್ಲಗೆ ತೊಳೆದಳು. ಮಗಳಿಗೆ ಫೋನು ಮಾಡಿದಳು. ನುವಾರಾ ಮೊದಲು ಗದರಿದಳು, ಆಮೇಲೆ ಅತ್ತಳು, ಮಧ್ಯಾಹ್ನದ ವ್ಯಾನಿಗೆ ಬರುತ್ತೇನೆ, ಆಸ್ಪತ್ರೆಗೆ ಹೋಗೋಣ ಎಂದಳು.

ಬಿಸಿಲು ಅಂಗಳಕ್ಕೆ ಬಂದಿತ್ತು. ಅವನನ್ನು ನೆರಳಿನ ಕಟ್ಟೆಯ ಮೇಲೆ ಕೂರಿಸಿ ಅವಳು ಪಕ್ಕದಲ್ಲಿ ಕೂತಳು. ಅವನ ಮುಖ ಊದಿ ಗುರುತೇ ಸಿಗದಂತಾಗಿತ್ತು. ಕಣ್ಣಿದ್ದ ಕಡೆ ಎರಡು ಗೆರೆ ಮಾತ್ರ ಉಳಿದಿದ್ದವು.

"ಈಗ ಹೇಗಿದೆ?" ಎಂದಳು.

ಅವನು ದನಿ ಬಂದ ಕಡೆಗೆ ಮುಖ ತಿರುಗಿಸಿದ.

"ಎರಡೂ ಇದೆ," ಎಂದ.

ಅವಳು ಎದ್ದು ಒಳಗೆ ಹೋದಳು. ಗೂಡುಗಳ ಮುಂದೆ ನಿಂತಳು. ಒಂಟೆ ಕೊಬ್ಬು, ಹರ್ಮಲ್, ಮೇಕೆ ಪಿತ್ತ, ಡಾಕ್ಟರ ಮಾತ್ರೆ. ಒಂದೊಂದನ್ನೂ ನೋಡಿದಳು. ಯಾವುದನ್ನೂ ಮುಟ್ಟಲಿಲ್ಲ. ಬುಟ್ಟಿಯಿಂದ ಒಂದು ಕಿತ್ತಳೆ ತೆಗೆದುಕೊಂಡು ಹೊರಗೆ ಬಂದು ಸುಲಿಯತೊಡಗಿದಳು.

"ಬಾಯಿ ತೆಗೀರಿ."

ಅವನು ತೆಗೆದ. ಅವಳು ಒಂದು ತೊಳೆ ಇಟ್ಟಳು. ಅವನು ಅಗಿದು, ಊದಿದ ತುಟಿಯನ್ನು ಸೊಟ್ಟ ಮಾಡಿ, "ಬೀಜ," ಎಂದ.

ಅವಳು ಅಂಗೈ ಒಡ್ಡಿದಳು, ಅವನು ಉಗಿದ. ಆಮೇಲೆ ಅವಳು ತೊಳೆಗಳನ್ನೆಲ್ಲ ಮಡಿಲಲ್ಲಿ ಹರಡಿಕೊಂಡು, ಒಂದೊಂದನ್ನೂ ಬೆಳಕಿಗೆ ಹಿಡಿದು, ಉಗುರಿನಿಂದ ಸೀಳಿ ಬೀಜ ತೆಗೆಯುತ್ತ ಕೂತಳು. ಅವನು ಕಾಣದ ಕಣ್ಣುಗಳನ್ನು ಅವಳ ಕಡೆಗಿಟ್ಟು, ಬಾಯಿ ತೆರೆದುಕೊಂಡೇ ಕಾಯುತ್ತಿದ್ದ.